ಖಾಡಿಗೆ ಬಿಡದ ಭರಣಿ

“ಕಟ್ಟು ಬಿಚ್ಚಬ್ಯಾಡ್ರೀ ಸಾಹೇಬ್ರ. ಬೋರಲು ಮಾಡಬ್ಯಾಡ್ರಿ. ಹಂಗೇ ಖಾಡಿ ನೀರಿಗೆ ಬಿಟ್ಟು, ಹಿಂದ ತಿರುಗಿ ನೋಡದ ಬಂದುಬಿಡ್ರಿ,” ಎಂದಳು ಹಾಲವ್ವ.

ಜೋಗೇಶ್ವರಿಯ ಚಾಳಿನ ಆ ಒಂದೇ ಕೋಣೆಯಲ್ಲಿ ಲೋಬಾನದ ಹೊಗೆ ಕಣ್ಣು ಉರಿಸುತ್ತಿತ್ತು. ವಾರಗಟ್ಟಲೆ ಮೈಮೇಲೆ ಬಂದು ಬಡಿದಾಡಿ ಸೋತಿದ್ದ ಅವಳ ಮಗಳು ಸೇವಂತಿ ಈಗ ಗಂಜಿ ಕುಡಿದು ಮೂಲೆಯಲ್ಲಿ ನಿದ್ದೆ ಹೋಗಿದ್ದಳು. ಹುಡುಗಿಗೆ ಯಾರೋ ಮಾಡಿಸಿದ ಮಾಟವನ್ನು ಮಂತ್ರವಾದಿ ಭರಣಿಗೆ ಇಳಿಸಿ, ಬಾಯಿಗೆ ಕರಿಬಟ್ಟೆ ಬಿಗಿದು ಹೋಗಿದ್ದ. ಇನ್ನು ಮನೆಯವರು ಅದನ್ನು ಮುಟ್ಟುವಂತಿಲ್ಲ. ನಂಬಿಕಸ್ತರೊಬ್ಬರು ಒಯ್ದು ನೀರಿಗೆ ಬಿಡಬೇಕು. ಹಾಲವ್ವನಿಗೆ ನೆನಪಾದದ್ದು ತಾನು ಅಡುಗೆ ಮಾಡುವ ಪವಾಯಿಯ ಮನೆಯ ಯಜಮಾನ, ತಮ್ಮದೇ ವಿಜಯಪುರದ ಕಡೆಯ ಬಸವಂತರಾಯ.

“ಆತು ಬಿಡವಾ. ನಿನ್ನ ದೆವ್ವಕ್ಕ ಏಸಿ ಹಾಕಿ ಕಾರಿನ್ಯಾಗ ಕರಕೊಂಡು ಹೋಗ್ತೀನಿ,” ಎಂದು ಅವನು ನಕ್ಕ. ಭರಣಿ ಕಣ್ಣಿಗೆ ಬಿದ್ದದ್ದೇ ನಗು ನಿಂತಿತು.

ಜರ್ಮನ್ ಕುಂಬಾರಿಕೆಯೆಂದರೆ ಅವನಿಗೆ ಹುಚ್ಚು. ಕಾರ್ಖಾನೆಯ ಮಾಲಲ್ಲ, ಒಬ್ಬನೇ ಕೂತು ತಿಗರಿ ತಿರುಗಿಸಿ, ತಳಕ್ಕೆ ತನ್ನ ಮುದ್ರೆಯೊತ್ತಿ ಸುಟ್ಟ ಹಳೆಯ ಪಾತ್ರೆಗಳೇ ಆಗಬೇಕು. ಇದೂ ಅಂಥದೇ. ಬೂದಿಬಣ್ಣದ ಮೆರುಗು ಭುಜದಿಂದ ಇಳಿದು ಹೊಟ್ಟೆಯ ಮೇಲೆ ಹೆಪ್ಪುಗಟ್ಟಿತ್ತು. ಹಿಂದೆ ಕೆಲಸಕ್ಕಿದ್ದ ಮನೆಯ ಜರ್ಮನ್ ಮೇಡಂ ಊರಿಗೆ ಮರಳುವಾಗ ಕೊಟ್ಟದ್ದಂತೆ, ಹಾಲವ್ವ ಇಷ್ಟು ದಿನ ಉಪ್ಪಿನಕಾಯಿ ಹಾಕುತ್ತಿದ್ದಳಂತೆ. ಇದನ್ನು ನೀರಿಗೆ ಬಿಡುವುದೇ!

ಇಂಥ ಪಾತ್ರೆ ಸಿಕ್ಕರೆ ತಿರುಗಿಸಿ ತಳದ ಮುದ್ರೆ ನೋಡದೆ ಅವನಿಗೆ ಇರಲಾಗದು. ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ ಕಾರು ನಿಲ್ಲಿಸಿ ಅದನ್ನೇ ಮಾಡಿದ. ಮುದ್ರೆ ಇತ್ತು. ಕಟ್ಟು ಸಡಿಲಿ ಒಣನಿಂಬೆ, ಬಳೆಚೂರು, ಒಂದು ಹಿಡಿ ಕೂದಲು ತೊಡೆಯ ಮೇಲೆ ಸುರಿದವು. ನೀರಿಗೆ ಬೀಳಬೇಕಾದ್ದು ಮಾಟ ತಾನೇ, ಭರಣಿಯೇಕೆ ಎಂದು ಸಮಾಧಾನ ಹೇಳಿಕೊಂಡ. ಆಸೆಬುರುಕನಿಗೆ ನೆಪಕ್ಕೇನು ಬರ. ಎಲ್ಲವನ್ನೂ ನಾರುವ ಕೆಸರಿಗೆ ಕೊಡವಿ, ಭರಣಿಯನ್ನು ಮನೆಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದ.

“ಬಿಟ್ಟು ಬಂದ್ರೇನ್ರೀ?” ಮರುದಿನ ಹಾಲವ್ವ ಕೇಳಿದಳು.

“ಹೂಂ, ಬಿಟ್ಟೆ.”

ಅವಳು ಸೀದಾ ಕಾಲಿಗೆ ಬಿದ್ದಳು. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

ಅಂದು ಸಂಜೆ ಹಾಲವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಾಲ್‌ನಲ್ಲಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಬೀರುವಿನೊಳಗೆ ಬಳೆ ಸದ್ದಾಯಿತು. ಸೋಫಾದ ಮೇಲೆ ಮೊಬೈಲ್ ನೋಡುತ್ತಿದ್ದ ಮಗಳು ವಂದನಾ ತಲೆ ಎತ್ತಿದಳು. ಕಣ್ಣಲ್ಲಿ ಬರೀ ಬಿಳಿ.

“ನನ್ನ ಯಾಕ ಹೊರಗ ತಗದಿ?”

ತಣ್ಣನೆಯ, ಮುದಿ ದನಿ. ನಾಲ್ಕು ಮಾತು ಕನ್ನಡ ಆಡಲು ತಡವರಿಸುವ ಹುಡುಗಿ! ಬಸವಂತರಾಯ ಬೀಗ ತೆಗೆದ. ಭರಣಿ ಕೆಂಡದಂತೆ ಸುಡುತ್ತಿತ್ತು. ವಂದನಾಳ ಕುತ್ತಿಗೆ ಹಿಂದಕ್ಕೆ ಬಾಗಿತು. ಇನ್ನೂ ಬಾಗಿತು. ಎಲುಬು ಲಟಕ್ಕೆಂದಿತು. ಉಸಿರು ಸಿಕ್ಕಿಕೊಂಡಿತು.

“ಇಕೀನ್ನ ಬಿಟ್ಟು ಎಲ್ಲಿಗಿ ಹೋಗ್ಲಿ? ನೀನೇ ಹೇಳು.”

ನನ್ನ ಮೈಗೆ ಬಾ ಎನ್ನಬಹುದಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲವೆಂದಲ್ಲ. ಹೊಳೆಯಿತು.

“ಮೊದಲ ಇದ್ದಲ್ಲಿಗೇ ಹೋಗು,” ಎಂದು ಅಡುಗೆಮನೆಗೆ ಕೇಳಿಸದಂತೆ ಪಿಸುಗುಟ್ಟಿದ.

ವಾಸನೆ ಹೋಯಿತು. ಭರಣಿ ತಣ್ಣಗಾಯಿತು. “ಪಪ್ಪಾ, ಕ್ಯಾ ಹುವಾ?” ಎಂದಳು ವಂದನಾ, ಕುತ್ತಿಗೆ ನೀವಿಕೊಳ್ಳುತ್ತ.

ಅಡುಗೆಮನೆಯಲ್ಲಿ ಹಾಲವ್ವನ ಫೋನು ಬಡಿದುಕೊಂಡಿತು. ರೊಟ್ಟಿ ಸದ್ದು ನಿಂತಿತು. ಅವನು ಬೀರುವಿನ ಬಾಗಿಲು ದೂಡಿ ಬೆನ್ನು ಕೊಟ್ಟು ನಿಂತ. ಹಿಟ್ಟಿನ ಕೈಯಲ್ಲೇ ಓಡಿ ಬಂದಳು ಹಾಲವ್ವ.

“ಸೇವಂತಿಗೆ ಮತ್ತ ಬಂತಂತ್ರೀ ಸಾಹೇಬ್ರ! ಉಸಿರೇ ಇಲ್ಲಂತಾರ ಬಾಜೂ ಮನಿಯವರು!”

ಅವಳು ಚಪ್ಪಲಿ ಮೆಟ್ಟುತ್ತ, ಅವನ ಬಿಳುಚಿದ ಮುಖ ನೋಡಿ ಗಳಿಗೆ ನಿಂತಳು. “ನೀವ್ಯಾಕ್ ಸಂಕಟ ಪಡ್ತೀರಿ? ನಮ್ಮ ಹಣೇಬರಹ ಅದು. ನಿಮ್ದೇನೂ ತಪ್ಪಿಲ್ರೀ.”

“ಹೂಂ,” ಎಂದ ಬಸವಂತರಾಯ.