ಗೆರೆಗೆ ಸಿಗದ ಚುಕ್ಕಿ

"ಓದದೇ ಗುರುತು ಹಾಕಿದೀರಾ ತಾನೇ?"

ಇಡೀ ತರಗತಿ ಇನ್ನೂ ಪೆನ್ನು ಕಚ್ಚುತ್ತಿರುವಾಗಲೇ ಉತ್ತರಪತ್ರಿಕೆ ತಂದುಕೊಟ್ಟವನನ್ನು ಅವಳು ದುರುಗುಟ್ಟಿ ನೋಡಿದಳು. ಮನಃಶಾಸ್ತ್ರದ ಕೊನೆ ವರ್ಷದ ಹುಡುಗಿ. ಬುದ್ಧಿಗೂ ಸ್ವಭಾವಕ್ಕೂ ಪರೀಕ್ಷೆಯ ಅಂಕಕ್ಕೂ ಏನು ನಂಟು ಎಂದು ಹುಡುಕುವುದೇ ಅವಳ ಪ್ರಾಜೆಕ್ಟ್; ಈ ಪರೀಕ್ಷೆ ಕೊಟ್ಟಿದ್ದೂ ಅದಕ್ಕೇ. ತನ್ನ ಸ್ವಭಾವವೂ ಪರೀಕ್ಷೆಗೆ ಬರುತ್ತದೆಂದು ಪಾಪ, ಅವಳಿಗೇನು ಗೊತ್ತು!

"ಓದೇ ಹಾಕಿದ್ದು ಕಣ್ರೀ. ನಿಮ್ಮ ಕೊನೇ ಪ್ರಶ್ನೆನೇ ತಪ್ಪಿದೆ," ಎಂದು ಅವನು ನಕ್ಕ. ಕಾಲೇಜಿನ ಯಾವ ಪರೀಕ್ಷೆಯನ್ನೂ ಪೂರ್ತಿ ಬರೆಯದ ಅವನಿಗೆ ಗೆಳೆಯರು ಇಟ್ಟ ಹೆಸರು 'ಅರ್ಧಂಬರ್ಧ'.

ಪ್ರಶ್ನೆ ನಿಜಕ್ಕೂ ತಪ್ಪಿತ್ತು. ಬುದ್ಧಿಯ ಪರೀಕ್ಷೆಯಲ್ಲಿ ಅವನೇ ಮೊದಲು. ಕಾಲೇಜಿನ ಅಂಕದಲ್ಲಿ? ಅವನೇ ಕೊನೆ!

"ಯಾಕೆ ಹೀಗೆ?" ಕ್ಯಾಂಟೀನಿನಲ್ಲಿ ಕೇಳಿದಳು.

"ಗುರುತು ಹಾಕೋದಾದ್ರೆ ಸರಿ. ಬರೆಯೋಕೆ ಕೊಟ್ರೆ ಮೊದಲನೇ ಪ್ರಶ್ನೇಲೇ ಮುಳುಗಿಹೋಗ್ತೀನಿ. ತಲೆ ಎತ್ತೋಷ್ಟರಲ್ಲಿ ಗಂಟೆ ಹೊಡೆದಿರುತ್ತೆ!"

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಪ್ರಾಜೆಕ್ಟಿನ ನೆಪದಲ್ಲಿ ಶುರುವಾದ ಚಹಾ, ನೆಪ ಮುಗಿದ ಮೇಲೂ ಮುಂದುವರಿಯಿತು...

ಪ್ರಾಜೆಕ್ಟ್ ಮಂಡಿಸುವ ಹಿಂದಿನ ದಿನ ಅವಳು ಎಡವಿದಳು. ಬುದ್ಧಿಗೆ ತಕ್ಕ ಅಂಕ ತೋರಿಸುವ ಗ್ರಾಫಿನಲ್ಲಿ ಎಲ್ಲರ ಚುಕ್ಕಿಗಳೂ ಗೆರೆಯ ಆಸುಪಾಸಿನಲ್ಲೇ ಇದ್ದವು, ಅವನದೊಂದು ಮಾತ್ರ ದೂರದ ಮೂಲೆಯಲ್ಲಿ. ಒಂದು ಚುಕ್ಕಿ ತಾನೇ... ಅಳಿಸಿಬಿಟ್ಟಳು!

ಸಂಜೆ ಲ್ಯಾಬಿಗೆ ಬಂದವನು ಪರದೆಯ ಮೇಲೆ ಹುಡುಕಿದ. "ಇದರಲ್ಲಿ ನಾನೆಲ್ಲಿ?"

"ಅದು... ನೀನಿದ್ರೆ ಗೆರೆ ಕೆಡುತ್ತೆ ಕಣೋ..."

ಅವನ ಮುಖ ಬಾಡಿತು. "ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಅಪ್ಪ ಬೈತಾರೆ. ನೀನೂ ಹಾಗೇ ಅಂದ್ಕೊಂಡೆ ಅಲ್ವಾ? ಬಿಡು, ನಾನು ಕಾಲೇಜೇ ಬಿಡ್ತೀನಿ."

ಅವಳು ದಡಕ್ಕನೆ ಎದ್ದಳು. ಅಯ್ಯೋ, ನಾನೇನು ಮಾಡಿಬಿಟ್ಟೆ! ಅವನಿಲ್ಲದ ಕಾಲೇಜು ಯಾರಿಗೆ ಬೇಕು?

"ನಾಳೆ ಒಂದೇ ಒಂದು ಸಲ ಬಾ. ಆಮೇಲೆ ಮಾತು ಬಿಟ್ರೂ ಸರಿ," ಎಂದು ಬೇಡಿಕೊಂಡಳು.

ಮರುದಿನ ಪ್ರಾಜೆಕ್ಟ್ ಮಂಡನೆಗೆ ಅವನು ಬಂದ. ಹಿಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕುಳಿತ.

"ಇದೊಂದು ಚುಕ್ಕಿ ಯಾಕಮ್ಮಾ ಮೂಲೆ ಸೇರಿದೆ?" ಗೈಡ್ ಮೇಡಂ ಹುಬ್ಬೇರಿಸಿದರು.

"ಬುದ್ಧಿ ಒಂದೇ ಅಂಕ ತರಲ್ಲ ಮೇಡಂ, ಸ್ವಭಾವನೂ ಸೇರುತ್ತೆ. ಇವನಿಗೆ ಬುದ್ಧಿ ಬೇಕಾದಷ್ಟಿದೆ, ಗಡಿಯಾರ ನೋಡೋ ಅಭ್ಯಾಸ ಇಲ್ಲ. ಗ್ರಾಫ್ ಚೆನ್ನಾಗಿ ಕಾಣ್ಲಿ ಅಂತ ನಿನ್ನೆ ಇದನ್ನ ಅಳಿಸಿದ್ದೆ. ಅದು ನನ್ನ ತಪ್ಪು."

ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಸರಿ, ಕೂತ್ಕೋ," ಎಂದರಷ್ಟೇ.

ಹೊರಗೆ ಅವನು ಕಾಯುತ್ತಿದ್ದ. "ಎಲ್ಲರೆದುರು ತಪ್ಪು ಒಪ್ಪಿಕೊಂಡ್ಯಲ್ಲ, ಅಂಕ ಕಡಿಮೆ ಕೊಟ್ರೆ?"

"ಕೊಡ್ಲಿ. ನೀನು ಹೋದ್ರೆ ಮಾತ್ರ ನನ್ನ ಕೈಲಿ ಆಗಲ್ಲ. ನೀನಂದ್ರೆ ನನಗಿಷ್ಟ ಕಣೋ!"

ಅವನ ಕಿವಿ ಕೆಂಪಾಯಿತು. "ಹಾಗಾದ್ರೆ ಹೋಗಲ್ಲ. ಆದ್ರೆ ಬರೆದು ಅಭ್ಯಾಸ ಮಾಡುವಾಗ ನೀನು ಪಕ್ಕದಲ್ಲಿ ಕೂತು, ಮುಂದಿನ ಪ್ರಶ್ನೆಗೆ ಹೋಗೋ ಅಂತ ಬೈಬೇಕು."

"ಎಲ್ಲೀವರೆಗೆ?"

"ನಿನಗೆ ಸಾಕಾಗೋವರೆಗೆ."

"ನನಗೆ ಸಾಕಾಗಲ್ವೋ ಪೆದ್ದು!" ಎನ್ನುತ್ತಾ ಅವಳು ಅವನ ಕೈ ಹಿಡಿದಳು.