ಈರುಳ್ಳಿ ಹಾರಿದ ಕಟ್ಟೆ

"ಅಜ್ಜೀ! ನೋ, ನೋ, ನೋ!"

ಶಿವಾನಿ ಸ್ಕೂಲ್ ಬ್ಯಾಗನ್ನು ಹುಲ್ಲಿನ ಮೇಲೆ ಎಸೆದು ಹಿತ್ತಿಲಿಗೆ ಓಡಿದಳು. ಓಡಿ ಏನು ಪ್ರಯೋಜನ? ಆಗಬಾರದ್ದು ಆಗಿಹೋಗಿತ್ತು. ಬೆಳಿಗ್ಗೆ ಮಸಿ, ಪಾಚಿ ಹಿಡಿದು ಕರ್ರಗಿದ್ದ ಸಿಮೆಂಟ್ ಕಟ್ಟೆ ಈಗ ತೊಳೆದ ಬೋಗುಣಿಯ ಹಾಗೆ ಹೊಳೆಯುತ್ತಿತ್ತು. ಮೇಲೆ ದೊಡ್ಡ ರಂಗೋಲಿ ಬೇರೆ. ಪಕ್ಕದಲ್ಲಿ ನೀಲವ್ವಜ್ಜಿ ಬ್ರಷ್ ಹಿಡಿದು, ಕುಸ್ತಿ ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾಕ ಚೀರತಿ? ಮಂದಿ ಬರ್ತಾರ ಅಂತ ನೀನ ಹೇಳಿದಿಲ್ಲ? ಬಂದವ್ರಿಗೆ ಇಂಥಾ ಹೊಲಸು ತೋರಸೂದೇನು?"

"ಆ ಹೊಲಸೇ ತೋರಿಸ್ಬೇಕಿತ್ತು ಅಜ್ಜಿ! ಅದು ಹಿಸ್ಟರಿ!"

"ಹಿಸ್ಟರಿ ಅಂದ್ರ ಮಸಿ ಏನು?"

ಹೌದು, ಮಸಿಯೇ. ಪುಕೆಕೊಹೆ ಎಂಬ ಪರದೇಶದ ಊರಿನ ಈ ಬಾಡಿಗೆ ಮನೆಯಲ್ಲಿ, ಈಗ ಪಕ್ಕದ ಮನೆಯಲ್ಲಿರುವ ಟ್ರೆವರ್ ಅಂಕಲ್ ಹಿಂದೆ ಇದ್ದರು. ಹುಡುಗನಾಗಿದ್ದಾಗ ಅವರೂ ಅವರ ಗೆಳೆಯ ಗ್ರಹಾಂನೂ ಈ ಕಟ್ಟೆಯಿಂದ ರಾಕೆಟ್ ಹಾರಿಸಿದ್ದರಂತೆ. ಒಳಗೆ ಗಗನಯಾತ್ರಿಯಾಗಿ ಒಂದು ಈರುಳ್ಳಿ. "ಸ್ಪೇಸ್ ಸ್ವಲ್ಪದರಲ್ಲೇ ತಪ್ಪಿತು" ಎಂದು ಅಂಕಲ್ ಬೇಲಿಗೆ ಒರಗಿ ಕೊಚ್ಚಿಕೊಳ್ಳುತ್ತಿದ್ದರು. ಸ್ವಲ್ಪವೆಂದರೆ ನೂರು ಕಿಲೋಮೀಟರ್ ಅಷ್ಟೇ! ರಾಕೆಟ್ ಬಿದ್ದದ್ದು ಆಚೆ ಮನೆಯ ಕೋಳಿಗೂಡಿನಲ್ಲಿ.

ಗ್ರಹಾಂ ಹೋದ ವರ್ಷ ತೀರಿಕೊಂಡಿದ್ದರು. ಈಗ ಅವರ ಲಾಂಚ್ ಪ್ಯಾಡಾಗಿದ್ದ ಈ ಕಟ್ಟೆಗೂ ಗಂಡಾಂತರ ಬಂದಿತ್ತು. ಮನೆಯ ಓನರ್ ಕ್ರೇಗ್ ತನ್ನ ಯೂಟ್ ಗಾಡಿ ನಿಲ್ಲಿಸಲು ಸೋಮವಾರ ಅದನ್ನು ಒಡೆಸುವವನಿದ್ದ. ಶಿವಾನಿ ಊರಿನ ಪುಟ್ಟ ಮ್ಯೂಸಿಯಂಗೆ ಹೋಗಿ, ಅಲ್ಲಿನ ಜೂಡಿಯವರನ್ನು ಕಾಡಿ ಬೇಡಿ ಒಪ್ಪಿಸಿದ್ದಳು. "ಸುಟ್ಟ ಗುರುತು ಇದ್ದರೆ ಕ್ರೇಗ್ ಜೊತೆ ನಾನೇ ಮಾತಾಡುತ್ತೇನೆ" ಎಂದಿದ್ದರು ಅವರು. ಅವರು ಬರುವುದು ಇವತ್ತೇ.

"ಯೂ ರೂಯಿನ್ಡ್ ಎವ್ರಿಥಿಂಗ್!" ಎಂದು ಶಿವಾನಿ ಕೂಗಿದಳು.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಅವಳ ಕೈ ಸೊಂಟದಿಂದ ಮೆಲ್ಲಗೆ ಕೆಳಗಿಳಿಯಿತು.

ಅಷ್ಟರಲ್ಲಿ ಜೂಡಿ ಬಂದೇಬಿಟ್ಟರು, ಹಿಂದೆಯೇ ಟ್ರೆವರ್ ಅಂಕಲ್. ಇಬ್ಬರೂ ಕಟ್ಟೆ ನೋಡಿ ಪಿಳಿಪಿಳಿ ಕಣ್ಣು ಬಿಟ್ಟರು.

"ಗುರುತು ಎಲ್ಲಿ?" ಎಂದರು ಜೂಡಿ.

ಒಂದು ಚೂರಾದರೂ ಮಸಿ ಉಳಿದಿರಬಹುದೆಂದು ಶಿವಾನಿ ಕಟ್ಟೆ ಹತ್ತಲು ಹೋದಳು. ಅಜ್ಜಿ ಅವಳ ರಟ್ಟೆ ಹಿಡಿದಳು.

"ಏ, ಬೂಟ್ ಕಳದು ಹತ್ತು! ಅಲ್ಲಿ ಅಕ್ಷರ ಅದಾವ. ಅಕ್ಷರ ತುಳಿಬಾರದು."

"ಯಾವ ಅಕ್ಷರ?"

"ಮಸಿ ತಿಕ್ಕಿದ ಮ್ಯಾಲೆ ಕಂಡ್ವು. ನನಗ ಓದಾಕ ಬರಂಗಿಲ್ಲ. ಆದ್ರ ಯಾವ ಭಾಷೆದಾಗಿದ್ರೂ ಸರಸ್ವತಿ ಸರಸ್ವತೀನ ಅಲ್ಲೇನು? ಆಮ್ಯಾಲ ಅಲ್ಲಿ ಬ್ರಷ್ ಹಚ್ಚಲಿಲ್ಲ. ಕೈಮುಗದು ಸುತ್ತ ರಂಗೋಲಿ ಹಾಕಿದ್ನಿ."

ಶಿವಾನಿ ಬೂಟು ಕಳಚಿ, ಮಂಡಿಯೂರಿ ನೋಡಿದಳು. ಸಿಮೆಂಟ್ ಹಸಿಯಿದ್ದಾಗ ಕಡ್ಡಿಯಿಂದ ಗೀಚಿದ ಇಂಗ್ಲಿಷ್ ಅಕ್ಷರಗಳು. ಟ್ರೆವರ್. ಗ್ರಹಾಂ. 1964. ಕೆಳಗೆ, ಬಾಲದಿಂದ ಬೆಂಕಿ ಉಗುಳುವ ಒಂದು ಈರುಳ್ಳಿ.

ಜೂಡಿ ಪಟಪಟ ಫೋಟೋ ಹೊಡೆದು, ನಿಂತಲ್ಲಿಂದಲೇ ಕ್ರೇಗ್‌ಗೆ ಫೋನ್ ಮಾಡಿದರು. ಅವನು ಕೇಳಿದ್ದು ಒಂದೇ: ಪೇಪರಿನಲ್ಲಿ ತನ್ನ ಫೋಟೋ ಬರುತ್ತದೆಯೇ? ಬರಬಹುದು ಎಂದರು ಜೂಡಿ. ಹಾಗಾದರೆ ಯೂಟ್ ರೋಡಿನಲ್ಲೇ ನಿಲ್ಲಲಿ ಎಂದ ಪುಣ್ಯಾತ್ಮ.

ಶಿವಾನಿ ಖುಷಿಯಿಂದ ತಿರುಗಿದಳು. ಊರೆಲ್ಲ ಕೇಳುವ ಹಾಗೆ ಮಾತಾಡುವ ಟ್ರೆವರ್ ಅಂಕಲ್ ಆಗಲೇ ತಾವೂ ಶೂ ಕಳಚಿ ಕಟ್ಟೆಯ ಮೇಲೆ ಕುಳಿತಿದ್ದರು. ಬೆರಳು ಗೆಳೆಯನ ಹೆಸರಿನ ಮೇಲಿತ್ತು.

"ನೋಡು, ಜಿ ಉಲ್ಟಾ ಬರೆದಿದ್ದಾನೆ. ಪೆದ್ದ" ಎಂದರು ಮೆಲ್ಲಗೆ.

ಅತ್ತ ಅಜ್ಜಿ ಬ್ರಷ್ಷನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಇನ್ನೊಂದು ಬೈಗುಳಕ್ಕೆ ಕಾದವಳಂತೆ ನಿಂತಿದ್ದಳು. ಶಿವಾನಿ ಅವಳ ಹತ್ತಿರ ಹೋದಳು.

"ಅಜ್ಜಿ, ಸಾರಿ" ಎಂದಳು. ಆಮೇಲೆ ತಡವರಿಸುತ್ತ, ಅಜ್ಜಿಯ ಧಾಟಿಯಲ್ಲೇ ಕೇಳಿದಳು: "ಗ್ರಹಾಂ ಹೆಸರಿನ ಹತ್ರ ಒಂದು ರಂಗೋಲಿ ಗೆರೆ ಬಾಕಿ ಐತಿ. ನಾನು ಹಾಕ್ಲಾ?"

ಅಜ್ಜಿ ರಂಗೋಲಿ ಬಟ್ಟಲನ್ನು ಅವಳ ಕೈಗಿಟ್ಟಳು. "ಸಾವಕಾಶ ಪುಡಿ ಬಿಡು."

ಗೆರೆ ಸೊಟ್ಟಗೆ ಬಂತು. ಅಳಿಸಿ ಸರಿಮಾಡಲು ಶಿವಾನಿ ಹೆಬ್ಬೆರಳು ಚಾಚಿದಳು. ಪಕ್ಕದಲ್ಲೇ ಗ್ರಹಾಂನ ಉಲ್ಟಾ ಜಿ ಕಂಡಿತು. ಕೈ ಹಿಂದಕ್ಕೆ ತೆಗೆದುಕೊಂಡಳು.