ಎರಡು ಬಿಳಿ ಟೋಪಿ

"ದಕ್ಷಿಣ ಧ್ರುವ ಯಾವತ್ತಿಂದ ಮೇಲಕ್ಕೆ ಬಂತು?"

ಯಜಮಾನಮ್ಮನ ದನಿಗೆ, ಗ್ಲೋಬ್ ತಯಾರಿಸುವ ಆ ಕೋಣೆಯಲ್ಲಿ ಎಲ್ಲರ ಕೈಯೂ ನಿಂತಿತು. ನಕ್ಷೆಯ ಪಟ್ಟಿಗಳು ಚೂಪಾಗಿ ಬಂದು ಸೇರುವ ಎರಡೂ ತುದಿಗೆ, ಸಂದು ಮುಚ್ಚಲು, ಧ್ರುವದ ಹೆಸರು ಅಚ್ಚಾದ ದುಂಡನೆಯ ಬಿಳಿ ಕಾಗದ ಅಂಟಿಸುತ್ತಾರೆ. ಅಲ್ಲಿ ಅದಕ್ಕೆ ಟೋಪಿ ಎಂದು ಹೆಸರು. ಶಾಲೆಯೊಂದಕ್ಕೆ ಹೋಗಬೇಕಿದ್ದ ದೊಡ್ಡ ಗ್ಲೋಬಿನಲ್ಲಿ ಮೇಲಿನ ಟೋಪಿ ಕೆಳಗೂ ಕೆಳಗಿನದು ಮೇಲೂ ಕೂತುಬಿಟ್ಟಿತ್ತು.

ಅಂಟಿನ ಕೆಲಸದಲ್ಲಿ ಪಳಗಿದ್ದ ಅಂಟಕ್ಕನಿಗೆ ತಕ್ಷಣ ಗೊತ್ತಾಯಿತು, ಅದು ತನ್ನದೇ ಕೆಲಸ. ರಾತ್ರಿಯಿಡೀ ಮಗಳ ಜ್ವರಕ್ಕೆ ಒದ್ದೆಬಟ್ಟೆ ಹಾಕಿ, ಬೆಳಿಗ್ಗೆ ಅವಳನ್ನು ಅತ್ತೆಯ ಬಳಿ ಬಿಟ್ಟು ಬಂದು, ಪಕ್ಕದ ಮೇಜಿನವನಿಗಷ್ಟೇ ವಿಷಯ ಹೇಳಿ, ತೂಕಡಿಸುತ್ತಲೇ ಅಂಟಿಸಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮೇಜಿನಿಂದ ಮಾತು ಬಂತು.

"ನಾನೇ ಅಂಟಿಸಿದ್ದು, ಅಮ್ಮಾ."

ಗುಳ್ಳೆರಾಯ! ಏನು ಅಂಟಿಸಿದರೂ ಕಾಗದದಡಿ ಗುಳ್ಳೆ ಏಳಿಸುವ ಹೊಸಬ. ಅವನ ಕೆಲಸ ಕಾಯಂ ಆಗುವುದೋ ಇಲ್ಲವೋ ಇದೇ ವಾರ ತೀರ್ಮಾನವಾಗಬೇಕಿತ್ತು.

"ಸಂಜೆ ನನ್ನ ರೂಮಿಗೆ ಬಾ," ಎಂದು ಯಜಮಾನಮ್ಮ ಒಳಗೆ ಹೋದರು.

"ತಲೆ ಕೆಟ್ಟಿದೆಯೇನ್ರೀ ನಿಮಗೆ?" ಅಂಟಕ್ಕ ಪಿಸುಗುಟ್ಟಿದಳು.

"ನೋಡಿ, ಎರಡೂ ಬಿಳಿ, ಎರಡೂ ದುಂಡು. ಯಾರಿಗಾದ್ರೂ ಅದಲುಬದಲಾಗುತ್ತೆ."

ಎಲ್ಲರಿಗೂ ಅವಳು ಅಂಟಕ್ಕ. ಅವನೊಬ್ಬನೇ ಆ 'ಅಕ್ಕ'ನನ್ನು ನುಂಗಿಕೊಂಡು 'ನೋಡಿ' ಎನ್ನುವುದು. ಮೊದಲ ದಿನವೇ ಅವಳಿಗೆ ಅದು ಗೊತ್ತಾಗಿತ್ತು. ಗೊತ್ತಾಗದವಳ ಹಾಗೆ ಇದ್ದಳು.

ಅವನು ಗ್ಲೋಬನ್ನು ಮೆಲ್ಲಗೆ ತಿರುಗಿಸಿದ. "ಅಲ್ಲೂ ಹಿಮ, ಇಲ್ಲೂ ಹಿಮ. ಅಲ್ಲೂ ತಿಂಗಳುಗಟ್ಟಲೆ ಕತ್ತಲೆ, ಇಲ್ಲೂ. ಥೇಟ್ ನಮ್ಮಿಬ್ಬರ ಮನೆ."

ಅವನ ಹೆಂಡತಿ ತೀರಿಹೋಗಿದ್ದಳು; ಅಂಟಕ್ಕನ ಗಂಡನೂ. ಅವಳು ಅಂಟಿನ ಬಟ್ಟಲನ್ನು ಸುಮ್ಮನೆ ಕಲಕಿದಳು.

"ಒಂದರ ಅಡಿಯಲ್ಲಿ ಗಟ್ಟಿ ನೆಲ, ಇನ್ನೊಂದರ ಅಡಿಯಲ್ಲಿ ಬರೀ ಸಮುದ್ರ. ಅದೂ ನೆನಪಿರಲಿ."

"ಸಮುದ್ರ ಯಾರು?"

"ನೀವೇ. ಅದಕ್ಕೇ ಅಷ್ಟು ಗುಳ್ಳೆ."

ಅವನು ನಕ್ಕ. ಕಣ್ಣಿನ ಮೂಲೆಯಿಂದ ಆ ನಗುವನ್ನು ನೋಡಿದವಳು, ಸಿಕ್ಕಿಬಿದ್ದು, ಬಟ್ಟಲಿಗೆ ಮುಖ ಬಗ್ಗಿಸಿದಳು.

ಸಂಜೆಯಾಗುತ್ತ ಬಂದಂತೆ ಕೂತಲ್ಲಿ ಕೂರಲಾಗಲಿಲ್ಲ. ತನಗಾಗಿ ಒಬ್ಬ ಮನುಷ್ಯ ಅನ್ನ ಕಳೆದುಕೊಳ್ಳುವುದೇ? ಅವನಿಗಿಂತ ಮೊದಲೇ ಹೋಗಿ ಬಾಗಿಲು ತಟ್ಟಿದಳು.

"ಅಮ್ಮಾ, ಟೋಪಿ ಅಂಟಿಸಿದ್ದು ನಾನು. ಅವರನ್ನ ಕಳಿಸ್ಬೇಡಿ."

ಯಜಮಾನಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿದರು. "ಅದನ್ನ ನೀನು ಬಂದು ಹೇಳ್ಬೇಕಾ? ಒಂದೇ ಒಂದು ಗುಳ್ಳೆ ಇಲ್ಲ ಅದರಲ್ಲಿ! ಅವನು ಅಂಟಿಸಿದ್ದು ಅಂದ್ರೆ ನಮ್ಮನೆ ಬೆಕ್ಕೂ ನಂಬಲ್ಲ. ಅವನ ಕೆಲಸ ಕಾಯಂ. ಸ್ಟ್ಯಾಂಡ್ ಜೋಡಿಸೋಕೆ ಅಂಥವನು ಸಿಗಲ್ಲ. ಅಂಟು ಮಾತ್ರ ಮುಟ್ಟಿಸ್ಬೇಡ. ಶಾಲೆಗೆ ಬೇರೆ ಕೊಡೋಣ, ಈ ತಲೆಕೆಳಗಾದ ಭೂಮಿ ನಿನ್ನ ಮಗಳಿಗೆ ತಗೊಂಡು ಹೋಗು. ಮಗೂಗೆ ಜ್ವರ ಅಂತ ಒಂದು ಮಾತು ಹೇಳೋಕೇನಾಗಿತ್ತು, ಹುಚ್ಚಿ?"

"ನಿಮಗ್ಯಾರು..."

"ಇನ್ಯಾರು? ಮಧ್ಯಾಹ್ನ ಬಂದು, ಅವರನ್ನ ಬೇಗ ಮನೆಗೆ ಕಳಿಸಿ ಅಂತ ಬಾಗಿಲಲ್ಲೇ ನಿಂತಿದ್ದ."

ಅವಳ ಕಣ್ಣು ತುಂಬಿ ಬಂತು.

ಗ್ಲೋಬ್ ಒಬ್ಬರಿಂದ ಹೊರಲಾಗದಷ್ಟು ದೊಡ್ಡದು. ದಕ್ಷಿಣದ ತುದಿ ಅವಳು ಹಿಡಿದಳು, ಉತ್ತರದ್ದು ಅವನು. ದೀಪ ಹಚ್ಚುತ್ತಿದ್ದ ಅಂಗಡಿಸಾಲಿನಲ್ಲಿ ಇಬ್ಬರೂ ಅಡ್ಡಡ್ಡ ನಡೆದರು. ನಡುವೆ ಭೂಮಿಯ ಹೊಟ್ಟೆ, ಮುಖ ಕಾಣುತ್ತಿರಲಿಲ್ಲ.

"ನೋಡಿ," ಎಂದಿತು ಆಚೆಯ ದನಿ. "ಈ ಎರಡು ತುದಿಗೂ ಸೂರ್ಯ ಒಟ್ಟಿಗೆ ಕಾಣೋದೇ ಇಲ್ವಾ?"

"ಕಾಣ್ತಾನೆ. ಹಗಲು ರಾತ್ರಿ ಸಮ ಆದಾಗ, ಎರಡೂ ಕಡೆ, ಅಂಚಿನಲ್ಲಿ."

"ಹಾಗಾದ್ರೆ... ನನ್ನನ್ನ ಮದುವೆ ಆಗ್ತೀರಾ?"

ಆ ತುದಿಯಲ್ಲಿ ಅವನ ಹಿಡಿತ ಜಾರಿ, ಇಡೀ ಭೂಮಿ ಒಮ್ಮೆ ವಾಲಿತು.

"ಮೊದಲು ಗ್ಲೋಬ್ ಬೀಳಿಸ್ಬೇಡಿ."

"ಇಲ್ಲ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಮನೆಗೆ ಬಂದು ಮಗಳನ್ನೂ ಕೇಳಿ."

ಅಂಗಡಿಸಾಲು ದಾಟಿ ಅವಳ ಬೀದಿಗೆ ತಿರುಗಿದರು. ಆಮೇಲೆ ಅವಳೇ ಅಂದಳು, "ಥ್ಯಾಂಕ್ಸ್ ರೀ."

"ಟೋಪಿ ವಿಷಯಕ್ಕಾ?"

"ಅಲ್ಲ. ಒಂದು ದಿನಾನೂ ಅಕ್ಕ ಅನ್ನದೇ ಇದ್ದದ್ದಕ್ಕೆ."